ಎರಡನೆಯವಳು

"ಹುಡುಗಿ ಭಾರಿ ಚುರುಕು. ತಗೊಳ್ಳೋಣ," ಎಂದರು ಅಧ್ಯಕ್ಷ ಗ್ಯಾರಿಸನ್, ಮೀನಿನ ತಟ್ಟೆಯನ್ನು ಪಕ್ಕಕ್ಕೆ ಸರಿಸುತ್ತ. "ಅದಕ್ಕೆ ನೀವು ಜಾಗ ಬಿಟ್ಟುಕೊಡ್ಬೇಕಾಗತ್ತೆ, ವರ್ಡೆಲ್."

ವರ್ಡೆಲ್ ಕೈಯಲ್ಲಿನ ಚಮಚ ಕೆಳಗಿಟ್ಟಳು. ಅಮೆರಿಕದ ಟೊಲಿಡೊ ನಗರದ ಆ ಪಂಪು ಕಂಪನಿಯ ನಿರ್ದೇಶಕ ಮಂಡಳಿಯಲ್ಲಿ ಒಂಬತ್ತು ಕುರ್ಚಿ. ಹೋದ ತಿಂಗಳು ವಿಟ್‌ಮನ್ ನಿವೃತ್ತರಾಗಿ ಒಂದು ಖಾಲಿ ಬಿದ್ದಿತ್ತು. ಅದಕ್ಕೆಂದೇ ಆಕೆ ಎಂಜಿನಿಯರ್ ಜೋಸ್ಲಿನ್ ಹೆಸರು ಕೊಟ್ಟಿದ್ದು.

"ವಿಟ್‌ಮನ್ ಜಾಗ ಖಾಲಿ ಇದೆಯಲ್ಲ?"

"ಅದು ಬೇರೆ. ಅದಕ್ಕೆ ಬ್ಯಾಂಕಿನ ಕಡೆಯೋರು ಯಾರಾದ್ರೂ ಬರ್ಲಿ." ಗ್ಯಾರಿಸನ್ ದನಿ ತಗ್ಗಿಸಿದರು. "ನೋಡಿ, ಹೆಂಗಸರ ಲೆಕ್ಕಕ್ಕೂ ನೀವೇ, ಕರಿಯರ ಲೆಕ್ಕಕ್ಕೂ ನೀವೇ. ಅವಳೂ ಸೇರಿ ಎರಡರಲ್ಲೂ ಇಬ್ಬಿಬ್ಬರಾದ್ರೆ ಉಳಿದೋರು ಏನಂದ್ಕೊಳ್ತಾರೆ? ಎಲ್ಲರ ಹತ್ರಾನೂ ಮಾತಾಡಿದ್ದಾಗಿದೆ. ಎರಡು ಗಂಟೆಗೆ ಸಭೇಲಿ ನೀವೇ ಹೇಳ್ಬಿಡಿ, ಮರ್ಯಾದೆಯಾಗಿರತ್ತೆ."

ಆ ಮಂಡಳಿಯ ರೀತಿಯೇ ಹಾಗೆ. ಏನಿದ್ದರೂ ಊಟದ ಮೇಜಿನಲ್ಲೇ ತೀರ್ಮಾನ, ಸಭೆಯಲ್ಲಿ ಹೂಂಗುಟ್ಟುವುದಷ್ಟೇ ಬಾಕಿ. ವರ್ಡೆಲ್ ಬಂದು ಆರು ವರ್ಷವಾಗಿತ್ತು. ಒಮ್ಮೆಯೂ ಯಾರೂ ಬೇಡವೆಂದದ್ದಿಲ್ಲ. ಹೂಂ ಎಂದವರಲ್ಲಿ ಆಕೆಯೂ ಒಬ್ಬಳು.

ಆಕೆ ಎದ್ದು ಹೊರಗಿನ ಮೊಗಸಾಲೆಗೆ ಬಂದು ಮಿಸ್ ಯೂಲಾಗೆ ಫೋನು ಹಚ್ಚಿದಳು. ತನಗಿಂತ ಮುಂಚೆ ಆ ಕುರ್ಚಿಯಲ್ಲಿ ಕೂತಿದ್ದವಳು ಯೂಲಾ. ಇಬ್ಬರದೂ ಒಂದೇ ಚರ್ಚು. ಸೊಂಟನೋವು, ಗಂಟೆಗಟ್ಟಲೆ ಕೂರಲಾಗುವುದಿಲ್ಲ ಎಂದು ಆ ಹಿರಿಯಳು ಮಂಡಳಿ ಬಿಟ್ಟಿದ್ದಳು.

"ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನೀವು ಬಿಟ್ಟಿದ್ದು ನಿಜವಾಗ್ಲೂ ಸೊಂಟನೋವಿಗಾ?"

ಆ ಕಡೆ ಟೀವಿಯ ಸದ್ದು ನಿಂತಿತು.

"ಊಟಕ್ಕೆ ಕರ್ದಿದ್ನಾ ಗ್ಯಾರಿಸನ್?"

"ಹೂಂ."

"ನನ್ನನ್ನೂ ಕರ್ದಿದ್ದ. ನಾನು ನಿನ್ನ ಹೆಸರು ಕೊಟ್ಟ ಮಾರನೇ ವಾರವೇ." ಮುದುಕಿ ನಿಟ್ಟುಸಿರು ಬಿಟ್ಟಳು. "ಸೊಂಟ ಗಟ್ಟಿಯಾಗೇ ಇತ್ತು ಕಣೇ. ನಿನಗಾದ್ರೂ ಸಿಗ್ಲಿ ಅಂತ ಎದ್ದೆ. ಒಳ್ಳೇದು ಮಾಡ್ದೆ ಅಂದ್ಕೊಂಡಿದ್ದೆ. ಈಗ ನೋಡಿದ್ರೆ, ಅವರಿಗೆ ರೂಢಿ ಮಾಡ್ಸಿದ್ದೇ ನಾನು."

ವರ್ಡೆಲ್ ಫೋನು ಇಟ್ಟಳು. ಆ ಕುರ್ಚಿ ತನ್ನ ಸ್ವಂತ ಯೋಗ್ಯತೆಯಿಂದ ಸಿಕ್ಕಿದ್ದೆಂದು ಆರು ವರ್ಷ ಬೀಗಿದ್ದಳು. ಯೋಗ್ಯತೆಯೇನೋ ಇತ್ತು. ಆದರೆ ಇನ್ನೊಬ್ಬಳನ್ನು ಎಬ್ಬಿಸಿ ತನ್ನನ್ನು ಕೂರಿಸಿದ್ದರು. ನಾಚಿಕೆಯಾಯಿತು, ಅದರ ಹಿಂದೆಯೇ ಸಿಟ್ಟು ಬಂತು.

ಎರಡು ಗಂಟೆಗೆ ಎಲ್ಲರೂ ಕೂತರು. "ವರ್ಡೆಲ್ ಏನೋ ಹೇಳ್ಬೇಕಂತೆ," ಎಂದರು ಗ್ಯಾರಿಸನ್, ಮೃದುವಾಗಿ.

"ಹೌದು. ವಿಟ್‌ಮನ್ ಜಾಗಕ್ಕೆ ಜೋಸ್ಲಿನ್ ಬರ್ಲಿ. ನಾನು ಏಳಲ್ಲ."

ಯಾರೋ ಕೆಮ್ಮಿದರು. ಗ್ಯಾರಿಸನ್ ಮುಖ ಕೆಂಪಾಯಿತು. "ವರ್ಡೆಲ್, ಅದು ಆಗ್ಲೇ ಮುಗಿದ ಮಾತು."

"ಮುಚ್ಚಿದ ಬಾಗಿಲ ಹಿಂದೆ ಮುಗಿದಿದ್ದು. ಈಗ ಎಲ್ಲರೆದುರಿಗೆ ಆಗ್ಲಿ, ನಡಾವಳಿ ಪುಸ್ತಕಕ್ಕೂ ಸೇರ್ಲಿ." ಆಕೆ ಮೇಜಿನ ಸುತ್ತ ಒಬ್ಬೊಬ್ಬರ ಮುಖವನ್ನೂ ನೋಡಿದಳು. "ನಮ್ಮಂಥೋರು ಇಬ್ಬರಾದ್ರೆ ಈ ಮೇಜಿಗೆ ಜಾಸ್ತಿಯಾಯ್ತು ಅನ್ನೋರು ಕೈ ಎತ್ತಿ."

ಹೆಸರು ಬರೆದುಕೊಳ್ಳಲು ಕಾರ್ಯದರ್ಶಿ ಪೆನ್ನು ಹಿಡಿದು ಕಾದ. ಏಳೂ ಜನ ಗಂಡಸರು ಮೇಜಿನ ಮೇಲಿದ್ದ ತಮ್ಮ ತಮ್ಮ ಕೈಗಳನ್ನೇ ನೋಡುತ್ತ ಕುಳಿತಿದ್ದರು.