ಮಾದರಿ ಪ್ರಶ್ನೆಪತ್ರಿಕೆ

ಪ್ರಶ್ನೆಪತ್ರಿಕೆ ದಾನೇಶ್ವರಿಯ ರವಿಕೆಯೊಳಗಿತ್ತು. ಸೇಡಂ ಬಸ್ ನಿಲ್ದಾಣದಲ್ಲಿ ಖಾಕಿ ತೊಟ್ಟವರು ಯಾರೇ ಎದುರು ಬಂದರೂ ಅವಳ ಕೈ ಎದೆಗೆ ಹೋಗುತ್ತಿತ್ತು. ಬಂದವರೆಲ್ಲ ಕಂಡಕ್ಟರುಗಳು. ಕಳ್ಳತನ ರೂಢಿಯಿಲ್ಲದವರ ಪಾಡೇ ಹೀಗೆ.

ಕಲಬುರಗಿ ಬಸ್ಸಿನಲ್ಲಿ ಗಂಡ ಬಸವಂತರಾಯನನ್ನು ಕಿಟಕಿಯ ಪಕ್ಕ ಕೂರಿಸಿ ತಾನು ಈಚೆ ಕುಳಿತಳು. ಹನ್ನೊಂದಕ್ಕೆ ಮೌಖಿಕ ಪರೀಕ್ಷೆ. ಒಟ್ಟು ಮೂವತ್ತು ಅಂಕ, ಇಪ್ಪತ್ತನಾಲ್ಕು ಬಂದರೆ ಪಾಸು. ಬಾರದಿದ್ದರೆ ಇಲಾಖೆ ಅವನನ್ನು ಮನೆಗೆ ಕಳಿಸುತ್ತದೆ. ನಿವೃತ್ತಿಗೆ ಇನ್ನೂ ಮೂರು ವರ್ಷವಿತ್ತು.

ಬಸವಂತರಾಯನಿಗೆ ಪರೀಕ್ಷೆ! ಐನಾಪುರದ ಶಾಲೆಯಿಂದ ಶುರುಮಾಡಿ ಮೂವತ್ತೊಂದು ವರ್ಷ ಗಣಿತ ಕಲಿಸಿದವನು. ಹತ್ತನೆಯ ತರಗತಿಗೆ ಪ್ರಶ್ನೆಪತ್ರಿಕೆ ತೆಗೆಯುವ ಸಮಿತಿಯಲ್ಲಿ ಎಂಟು ವರ್ಷ ಕುಳಿತವನು. ಪ್ರಶ್ನೆ ನೋಡಿದರೆ ಸಾಕು, ನೂರು ಮಕ್ಕಳಲ್ಲಿ ಎಷ್ಟು ಮಂದಿ ಎಡವುತ್ತಾರೆಂದು ಹೇಳುತ್ತಿದ್ದ. ಫಲಿತಾಂಶ ಬಂದಾಗ ಒಂದೆರಡು ಆಚೀಚೆ, ಅಷ್ಟೇ. ಹೋದ ವರ್ಷ ಮೌಲ್ಯಮಾಪನ ಶಿಬಿರದಲ್ಲಿ ಅದೇ ಮನುಷ್ಯ ಹನ್ನೊಂದು ಉತ್ತರಪತ್ರಿಕೆಗಳ ಮೊತ್ತ ತಪ್ಪು ಕೂಡಿಸಿದ. ಒಂದನ್ನು ಎರಡು ಸಲ ತಿದ್ದಿದ. ಎರಡೂ ಸಲ ಕೊಟ್ಟದ್ದು ಐವತ್ತೇಳೇ ಎಂದು ಜೊತೆಯವರು ನಕ್ಕರು. ಇಲಾಖೆ ನಗಲಿಲ್ಲ, ಅರ್ಹತೆ ಸಾಬೀತು ಮಾಡಿ ಎಂದು ಪತ್ರ ಬರೆಯಿತು.

ಶಾಲೆ ಬಿಡಿಸಿದರೆ ಈ ಮನುಷ್ಯ ಉಳಿಯುವುದಿಲ್ಲ ಎಂಬುದು ದಾನೇಶ್ವರಿಗೆ ಗೊತ್ತಿತ್ತು. ಭಾನುವಾರ ಬಂದರೇ ಅಂಗಳದಲ್ಲಿ ಅತ್ತಿತ್ತ ತಿರುಗುತ್ತ, ಇನ್ನೂ ಗಂಟೆ ಹೊಡೆಯಲಿಲ್ಲವೇಕೆ ಎಂದು ಚಡಪಡಿಸುತ್ತಿದ್ದ. ಅದಕ್ಕೇ ಅವಳು ಸಾಯಿರಾಳ ಕೈ ಹಿಡಿದು ಅತ್ತಳು. ಸಾಯಿರಾ ಅವಳ ಬಳಿ ಹೊಲಿಗೆ ಕಲಿತ ಹುಡುಗಿ. ಈಗ ಪರೀಕ್ಷೆ ನಡೆಯುವ ಕಡೆಯೇ ಅವಳಿಗೆ ಕೆಲಸ. "ಯಾರ ಮುಂದೂ ಹೇಳಬ್ಯಾಡ್ರಿ ಅಕ್ಕಾ," ಎನ್ನುತ್ತ ಒಂದು ಹಾಳೆಯನ್ನು ಬ್ಲೌಸ್ ಪೀಸಿನಲ್ಲಿ ಸುತ್ತಿ ತಂದುಕೊಟ್ಟಳು.

ಗಂಡನಿಗೆ ಮಾತ್ರ ನಿಜ ಹೇಳುವಂತಿರಲಿಲ್ಲ. ಹಿಂದೊಮ್ಮೆ ಚಿತ್ತಾಪುರದ ಪರೀಕ್ಷಾ ಕೇಂದ್ರದಲ್ಲಿ ಚೀಟಿ ಸಮೇತ ಸಿಕ್ಕಿಬಿದ್ದ ಹುಡುಗ ಹೆಂಡತಿಯ ಸ್ವಂತ ತಮ್ಮ ಎಂದು ಗೊತ್ತಿದ್ದೂ ಡಿಬಾರ್ ಮಾಡಿಸಿದ ಆಸಾಮಿ ಅವನು. ದಾನೇಶ್ವರಿ ಆಗ ಆರು ತಿಂಗಳು ಮಾತು ಬಿಟ್ಟಿದ್ದಳು. ಹಾಗಾಗಿ ಈ ಸಲ, "ಇದು ಮಾದರಿ ಪ್ರಶ್ನೆಪತ್ರಿಕೆ ರೀ, ಸುಮ್ನ ರೂಢಿಗಂತ," ಎಂದಳು.

ಎಂಟು ದಿನ ಓದಿಸಿದಳು. ರೊಟ್ಟಿ ಬಡಿಯುತ್ತ ಕೇಳುವುದು, ಹೊಲಿಗೆ ಯಂತ್ರ ತುಳಿಯುತ್ತ ಕೇಳುವುದು. ಗಣಿತಕ್ಕೆ ಹೆದರಿ ಹತ್ತನೆಯದಕ್ಕೇ ಶಾಲೆ ಬಿಟ್ಟವಳು ಗಣಿತದ ಮಾಸ್ತರಿಗೆ ಪಾಠ ಹೇಳುವುದೆಂದರೆ! ಎರಡನೆಯ ದಿನ ಅವನು "ಹೇಳ್ತೀನ್ರಿ ಮೇಡಂ," ಎಂದಾಗ ಅಷ್ಟು ಸಂಕಟದಲ್ಲೂ ಅವಳಿಗೆ ನಗು ಬಂತು. ಅಂದಿನಿಂದ ಮೇಡಂ ಎಂದೇ ಕರೆಯತೊಡಗಿದ. ಹಳೆಯ ಚೇಷ್ಟೆ ಇನ್ನೂ ಉಳಿದಿದೆಯಲ್ಲ ಎಂದು ಅವಳಿಗೆ ಸಮಾಧಾನ.

ಬಸ್ಸು ಕಾಗಿಣಾ ಸೇತುವೆ ದಾಟಿತು.

"ಲೆಕ್ಕದ್ದು ಹೇಳ್ರಿ," ಎಂದಳು.

"ತೊಂಬತ್ಮೂರು, ಎಂಬತ್ತಾರು, ಎಪ್ಪತ್ತೊಂಬತ್ತು, ಎಪ್ಪತ್ತೆರಡು, ಅರವತ್ತೈದು."

"ಚಿತ್ರದ್ದು?"

"ಐದು ಮೂಲಿಂದು ಎರಡು. ಒಂದರ ಮೂಲಿ ಇನ್ನೊಂದರಾಗ."

ದಾನೇಶ್ವರಿ ಕಣ್ಣು ಮುಚ್ಚಿ ಬಸವಣ್ಣನನ್ನು ನೆನೆದಳು. ಇಪ್ಪತ್ತನಾಲ್ಕು ಸಾಕಪ್ಪ, ಅದಕ್ಕಿಂತ ಒಂದೂ ಹೆಚ್ಚು ಕೇಳುವುದಿಲ್ಲ.

ಹನ್ನೊಂದೂಕಾಲಿಗೆ ಒಳಗೆ ಕರೆದರು. ಪರೀಕ್ಷಕರು ಸಣ್ಣ ವಯಸ್ಸಿನವರು, ಮಾತು ಮೆತ್ತಗೆ. "ನೀವೂ ಕುಂದ್ರಿ ಅಮ್ಮಾ," ಎಂದು ದಾನೇಶ್ವರಿಗೆ ಮೂಲೆಯ ಕುರ್ಚಿ ತೋರಿಸಿದರು. ಬಸವಂತರಾಯ ಮೊದಲಿನ ಪ್ರಶ್ನೆಗಳಿಗೆಲ್ಲ ಪಟಪಟನೆ ಉತ್ತರ ಹೇಳಿದ. ಅವಳು ಸೆರಗಿನೊಳಗೆ ಬೆರಳು ಮಡಚಿ ಅಂಕ ಎಣಿಸಿದಳು. ಒಂಬತ್ತು. ಹತ್ತು. ಹದಿಮೂರು.

"ಈಗ ನೂರರಾಗ ಏಳು ಕಳೀರಿ," ಎಂದರು ಪರೀಕ್ಷಕರು. "ಬಂದದ್ದರಾಗ ಮತ್ತ ಏಳು. ಹಿಂಗೇ ಐದು ಸಲ."

ಬಸವಂತರಾಯ ಮೇಜಿನ ಮೇಲಿದ್ದ ಹಾಳೆಯತ್ತ ಬಗ್ಗಿ ನೋಡಿದ. ಅವನ ಬೆನ್ನು ನೆಟ್ಟಗಾಯಿತು. ಎದ್ದು ನಿಂತ.

"ಪರೀಕ್ಷಾ ನಿಲ್ಲಿಸ್ರಿ ಸರ್. ಪೇಪರ್ ಔಟ್ ಆಗ್ಯಾದ. ಕಡೀಕ ಐದು ಮೂಲಿ ಚಿತ್ರ ಅದ, ನೋಡ್ರಿ ಬೇಕಾದ್ರ. ಎಲ್ಲಾ ನನಗ ಮೊದಲೇ ಕೊಟ್ಟಾರ. ನಂದು ರದ್ದು ಮಾಡ್ರಿ."

ದಾನೇಶ್ವರಿ ಕುರ್ಚಿಯಿಂದ ಎದ್ದಳು. "ರೀ, ಕುಂದ್ರಿ, ಕೈ ಮುಗೀತೀನಿ," ಎಂದಳು. ಅವನು ಕೂರಲಿಲ್ಲ.

ಪರೀಕ್ಷಕರು, ಡಾಕ್ಟರ್ ಶಾಹನವಾಜ, ಪೆನ್ನು ಕೆಳಗಿಟ್ಟರು. "ಮಾಸ್ತರ್ರ, ಇದು ನೆನಪಿನ ಪರೀಕ್ಷಾ. ಮರೆವಿನ ಕಾಯಿಲೆ ಎಷ್ಟು ಮುಂದ ಹೋಗ್ಯಾದ ಅಂತ ನೋಡ್ಲಿಕ್ಕ ಎಲ್ಲಾ ದವಾಖಾನಿಯೊಳಗ ಕೇಳೂದು ಇದನ್ನೇ. ನಿಮಗ ಯಾರು ಕೊಟ್ರು?"

"ಈ ಮೇಡಂ." ಬಸವಂತರಾಯ ಬೆರಳು ತೋರಿಸಿದ.

ಅವಮಾನವಾಗಬೇಕಿತ್ತು. ದಾನೇಶ್ವರಿಗೆ ಎದೆ ತುಂಬಿ ಬಂತು. ಎಂಟು ದಿನದ ಹಿಂದಿನದು ನೆನಪಿದೆ! ಅಂದು ಹೆಂಡತಿಯ ತಮ್ಮನೆಂದು ನೋಡಲಿಲ್ಲ, ಇಂದು ಹೆಂಡತಿಯೆಂದೂ ನೋಡಲಿಲ್ಲ. ಅದೇ ಗಂಡ, ಅದೇ ಮೊಂಡ. ನೌಕರಿ ಹೋದರೆ ಹೋಗಲಿ, ರೋಗ ಇವನನ್ನು ಮುಟ್ಟಿಯೇ ಇಲ್ಲ.

ಡಾಕ್ಟರ್ ಅವಳನ್ನೊಮ್ಮೆ ನೋಡಿ ಅವನ ಕಡೆ ತಿರುಗಿದರು. "ಇವರು ನಿಮಗ ಏನಾಗಬೇಕು?"

ಸಾಯಿರಾ ತಂದ ಹಾಳೆಯಲ್ಲಿ ಆ ಪ್ರಶ್ನೆ ಇರಲಿಲ್ಲ.

"ಗೊತ್ತಿಲ್ರಿ ಸರ್," ಎಂದ ಬಸವಂತರಾಯ. "ಆದರ ದಿನಾ ನಮ್ಮ ಮನ್ಯಾಗೇ ಇರ್ತಾರ."