ಕೈಮರ ಇಳಿಯಲಿಲ್ಲ

ರೈಲು ನಿಲ್ದಾಣದ ಹೊರಗೆ, ಸಿಗ್ನಲ್ಲಿನ ಕೈಮರದ ಆಚೆಗೇ ನಿಂತು ಮೂರನೇ ಸಲ ಕೂಗಿತು. ಡೊರೀನ್ ಟಿಕೆಟ್ ಕಿಟಕಿಯನ್ನು ದಡಾರನೆ ಮುಚ್ಚಿ, ಮೊಣಕಾಲು ನೋವಿಗೆ ಶಾಪ ಹಾಕುತ್ತ ಸಿಗ್ನಲ್ ಕ್ಯಾಬಿನ್ನಿನ ಮೆಟ್ಟಿಲು ಹತ್ತಿದಳು. ಬಾಗಿಲಿಗೆ ಒಳಗಿನಿಂದ ಚಿಲಕ. ಗಾಜಿನಾಚೆ ಅವಳ ಗಂಡ ವಿಲ್ಫ್ ಒಲೆ ಆರಿಸಿ, ಕೋಟು ತೊಟ್ಟು ಸುಮ್ಮನೆ ಕೂತಿದ್ದ.

“ವಿಲ್ಫ್, ರೈಲು ಕಾಯ್ತಾ ಇದೆ. ಕೈಮರ ಇಳಿಸು.”

“ಯಾವ ರೈಲೇ? ಕೊನೇದು ಹೋಯ್ತಲ್ಲ. ಹೂವು ಕಟ್ಟಿ ಕಳಿಸಿದ್ದನ್ನ ನೀನೂ ನೋಡ್ದೆ.”

ಅವಳು ಗಾಜಿಗೆ ಹಣೆ ಒತ್ತಿ ಅವನ ಮುಖ ನೋಡಿದಳು. ಸಾವಿರದ ಒಂಬೈನೂರ ಅರವತ್ನಾಲ್ಕರಲ್ಲಿ ಈ ಮಾರ್ಗ ಮುಚ್ಚಿದ ದಿನವನ್ನು, ಈಗ ಇದನ್ನು ಹವ್ಯಾಸಕ್ಕಾಗಿ ನಡೆಸುವವರು ಥಾರ್ನ್‌ಬೆಕ್ ನಿಲ್ದಾಣದಲ್ಲಿ ಪ್ರತಿ ಮಾರ್ಚಿನಲ್ಲೂ ನಾಟಕದಂತೆ ಆಡಿ ತೋರಿಸುತ್ತಾರೆ. ಎಂಜಿನ್ನಿನ ಮೂತಿಗೆ ಶವಸಂಸ್ಕಾರದ ಹೂಚಕ್ರ, ಹಳಿಯ ಮೇಲೆ ಪಟಾಕಿ, ಒಂದಷ್ಟು ಅಳು. ಆಮೇಲೆ ಎಲ್ಲರೂ ಚಹಾ ಕುಡಿದು ಎಂದಿನ ರೈಲು ಓಡಿಸುತ್ತಾರೆ. ಇವತ್ತು ನಾಟಕ ಮುಗಿದರೂ ವಿಲ್ಫ್ ಚಹಾಕ್ಕೆ ಬಂದಿರಲಿಲ್ಲ.

ಅತ್ತ ಎಂಜಿನ್ನಿನ ಒಲೆಗೆ ಕಲ್ಲಿದ್ದಲು ಹಾಕುವ ಫೈರ್‌ಮನ್ ಟ್ರೆವರ್ ಕೆಳಗಿಳಿದ. ರೈಲು ಹೀಗೆ ನಿಂತರೆ ಫೈರ್‌ಮನ್ ನಡೆದು ಬಂದು ಕ್ಯಾಬಿನ್ನಿನಲ್ಲಿ ವಿಚಾರಿಸಬೇಕು, ಅದು ಕಟ್ಟಳೆ. ಅವನು ಬಂದು ನೋಡಿದರೆ ಮುಗಿಯಿತು. ವಿಲ್ಫ್‌ನ ಮರೆವಿನ ಬಗ್ಗೆ ಆಗಲೇ ಗುಸುಗುಸು ಎದ್ದಿತ್ತು. ಈ ಕ್ಯಾಬಿನ್ನು ತಪ್ಪಿಹೋದರೆ ಅವನು ಬೆಳಿಗ್ಗೆ ಹಾಸಿಗೆಯಿಂದ ಏಳುವುದಾದರೂ ಯಾಕೆ?

“ವಿಲ್ಫ್, ಕೇಳಿಲ್ಲಿ. ಆಮೇಲೆ ಏನಾಯ್ತು ಗೊತ್ತಾ? ಹಳಿ ಕಿತ್ತು ಗುಜರಿಗೆ ಹಾಕಿದ್ರು. ಪ್ಲಾಟ್‌ಫಾರಂ ಮೇಲೆ ಕುರಿ ಮಲಗ್ತಿದ್ವು. ನನ್ನ ಟಿಕೆಟ್ ಕೋಣೇಲಿ ಯಾರೋ ಕೋಳಿ ಸಾಕಿದ್ರು.”

“ಕೋಳೀನಾ?”

“ಇವತ್ತಿಗೂ ಮಳೆ ಬಂದ್ರೆ ನಾತ ಹೊಡಿಯತ್ತೆ! ಆಮೇಲೆ ಹಳಿ ಮತ್ತೆ ಹಾಸಿದ್ರು.”

“ಕಿತ್ತು ಬಿಸಾಕಿದ್ದನ್ನ ಮತ್ತೆ ಹಾಸೋಕೆ ಯಾವನಿಗೆ ತಲೆ ಕೆಟ್ಟಿತ್ತು?”

“ನಿಂಗೇ ಕಣೋ! ನಿಂಗೆ, ನಿನ್ನಂಥ ಇನ್ನಷ್ಟು ಹುಚ್ಚರಿಗೆ. ಒಂದು ಭಾನುವಾರ ಮನೇಲಿ ಇದ್ದೋನಲ್ಲ ನೀನು. ನನ್ನ ತಂಗಿ ಮದುವೆಗೆ ಗ್ರೀಸು ಮೆತ್ಕೊಂಡೇ ಬಂದೆಯಲ್ಲೋ, ಮಾರಾಯ!”

ಟ್ರೆವರ್‌ನ ಬೂಟುಗಳ ಕೆಳಗೆ ಜಲ್ಲಿ ಕರಕರ ಎನ್ನುವುದು ಕೇಳಿಸಿತು. ವಿಲ್ಫ್ ತನ್ನ ಅಂಗೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡ, ಬೇರೆ ಯಾರದೋ ಕೈ ನೋಡುವವನಂತೆ. ಮೆಲ್ಲಗೆ ಎದ್ದು ಮಾರ್ಗದ ಉದ್ದಕ್ಕೂ ಕಣ್ಣು ಹಾಯಿಸಿ, ಸನ್ನೆಕೋಲು ಹಿಡಿದು ಎಳೆದ. ಕೈಮರ ಇಳಿಯಿತು. ಆಮೇಲೆ ಚಿಲಕ ತೆಗೆದ.

“ಏನಾಯ್ತು ವಿಲ್ಫ್?” ಟ್ರೆವರ್ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದ.

“ಕೈಮರದ ತಂತಿ ಸಿಕ್ಕಾಕೊಂಡಿತ್ತಪ್ಪ,” ಎಂದು ಡೊರೀನ್ ಗಂಡನಿಗಿಂತ ಮೊದಲೇ ಬಾಯಿ ಹಾಕಿದಳು. “ಚಳಿಗೆ.”

“ತಂತಿ ಚೆನ್ನಾಗೇ ಇದೆ,” ಎಂದ ವಿಲ್ಫ್. ತನ್ನ ರೈಲ್ವೆ ಟೋಪಿ ತೆಗೆದು ಟ್ರೆವರ್‌ನ ಮಸಿಗೈಗೆ ಇಟ್ಟ. “ಇಲ್ಲಿ ಬೇರೆ ಯಾರನ್ನಾದ್ರೂ ಕೂರಿಸಿ, ಮಗಾ. ಇವತ್ತೇ.”

ರೈಲು ಬಂದು ನಿಂತಿತು. ಕಿಟಕಿಗಳಿಂದ ತಲೆ ಹೊರಹಾಕಿದ್ದ ಪ್ರಯಾಣಿಕರು, ಇದೂ ನಾಟಕದ್ದೇ ಒಂದು ಭಾಗವೆಂದುಕೊಂಡು, ಹೆಂಡತಿಯ ತೋಳು ಹಿಡಿದು ಬರಿತಲೆಯಲ್ಲಿ ಮೆಟ್ಟಿಲಿಳಿಯುತ್ತಿದ್ದ ಮುದುಕನಿಗೆ ಜೋರಾಗಿ ಚಪ್ಪಾಳೆ ತಟ್ಟಿದರು.