ಕೆಂಪು ಉಣ್ಣೆಯ ಹೊಲಿಗೆ

ಕೆರೆದಂಡೆಯಲ್ಲಿ ಪ್ರವಾಸಿಯೊಬ್ಬ ತನ್ನ ವ್ಯಾನಿನ ಮುಂದೆ ಮಡಚುವ ಸೋಲಾರ್ ಪ್ಯಾನೆಲ್ ಬಿಚ್ಚಿ ಬಿಸಿಲಿಗೆ ಹರಡಿದ್ದ. ಕುರಿ ಕಾಯುತ್ತಿದ್ದ ಮಾಳವ್ವ ಗಕ್ಕನೆ ನಿಂತಳು. ಅದರ ಹರಿದ ಮೂಲೆಗೆ ಅವಳೇ ಹಾಕಿದ ಕೆಂಪು ಉಣ್ಣೆಯ ಹೊಲಿಗೆಯಿತ್ತು.

ಆ ಪ್ಯಾನೆಲ್ ಕಳುವಾಗಿ ಕುರಿದೊಡ್ಡಿಯ ದೀಪ ಆರಿದ ವಾರವೇ ತೋಳ ಏಳು ಮರಿಗಳನ್ನು ಎಳೆದೊಯ್ದಿತ್ತು. ಕದ್ದವನ ಕೈ ಸೇದಿಹೋಗಲಿ ಎಂದು ಅವಳು ಶಪಿಸಿದ್ದಳು. ಗಂಡ ಅವಳಿಗಿಂತ ಜೋರಾಗಿ ಶಪಿಸಿದ್ದ.

ಬಡಿಗೆ ಬಿಗಿಹಿಡಿದು ಕೇಳಿದಳು: "ಇದು ನಿಮಗೆಲ್ಲಿ ಸಿಕ್ತ್ರಿ?"

"ಸಂತೇಲಿ ಒಬ್ಬ ಮಾರಿದನಮ್ಮ. ಹರಿದಿದೆ, ಬೇಡ ಅಂದೆ. ಅದಕ್ಕವನು, 'ನನ್ನ ಹೆಂಡತಿ ಹಾಕಿದ ಹೊಲಿಗೆ, ಜನ್ಮಕ್ಕೂ ಬಿಚ್ಚಲ್ಲ' ಅಂದ."

"ಖರೇ ಹೇಳ್ಯಾನ್ರಿ," ಎಂದು ಅವಳು ಕುರಿಗಳನ್ನು ತಿರುಗಿಸಿದಳು.

ಅಂದು ಸಂಜೆ ಗಂಡನ ಕಂಬಳಿಯನ್ನು ದೊಡ್ಡಿಯ ಹೊರಗೆ, ತೋಳ ಬರುವ ಬದಿಗೆ ಹಾಸಿದಳು.